ಪರೀಕ್ಷೆಯ ಹಿಂದಿನ ದಿನದ ಒಪ್ಪತ್ತು

ಚಳ್ಳಕೆರೆ
12-6-2024

ಮಾಲತಿಗೆ ನಿನ್ನ ಅತ್ತೆ ಶಾರದಮ್ಮ ಮಾಡುವ ಆಶೀರ್ವಾದ.

ನಾನು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವೋ ಇಲ್ಲವೋ ಅನ್ನುವುದೇ ಅನುಮಾನ. ಫೋನ್ ಮಾಡೋಣವೆಂದರೆ ನಿಮ್ಮ ಹಟ್ಟಿಯಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕು, ಏಳು ತಿಂಗಳ ಬಸುರಿ ಬಂಡೆ ಹತ್ತಲಿ ಅಂತ ನಾನು ಹೇಳುವುದಿಲ್ಲ. ನಿಮ್ಮಪ್ಪ ಹತ್ತಿ ಮಾತಾಡಿದರೆ "ಎಲ್ಲಾ ಸಮ ಐತೆ ಕಣಮ್ಮ" ಅಂತ ಒಂದೇ ಮಾತು. ನನ್ನ ಒಡಹುಟ್ಟಿದ ಅಣ್ಣನೇ ಇರಬಹುದು, ಆದರೆ ಆ ಚಿಕ್ಕೀರಪ್ಪ ಕುರಿ ಹಳ್ಳಕ್ಕೆ ಬಿದ್ದರೂ ಸಮ ಐತೆ ಅನ್ನುವ ಮನುಷ್ಯ. ಅಪ್ಪಿತಪ್ಪಿ ಲೈನ್ ಸಿಕ್ಕಿ ನೀನೇ ಮಾತಾಡಿದರೂ ನಿಮ್ಮವ್ವ ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿಸುತ್ತಾಳೆ. ಅದಕ್ಕೇ ಕಾಗದ. ಕಂಡಕ್ಟರ್ ಬೊಮ್ಮಲಿಂಗಪ್ಪನ ಕೈಯಲ್ಲಿ ಕೊಡುತ್ತೇನೆ, ಸಿದ್ದಾಪುರದ ಗೇಟಿನ ಟೀ ಅಂಗಡಿಯಲ್ಲಿ ಇಳಿಸುತ್ತಾನೆ. ನೀನೂ ಅಲ್ಲೇ ಕೊಟ್ಟು ಕಳಿಸು. ಈ ಕಾಲದಲ್ಲೂ ಕಾಗದವಾ ಅಂತ ಅವನು ನಗುತ್ತಾನೆ. ನಗಲಿ.

ಮೊನ್ನೆ ಬಸುರಿಯ ಕುಬಸದ ಶಾಸ್ತ್ರ ಮುಗಿಸಿ ನಿನ್ನನ್ನು ತವರಿಗೆ ಕರೆದುಕೊಂಡು ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮವ್ವ ಏನಂದಳು, ಕೇಳಿಸಿಕೊಂಡೆಯಾ? "ತನಗೆ ಸಕ್ರೆ ಕಾಯಿಲೆ ಐತೆ ಅಂತ ನಿಮ್ಮತ್ತೆಗೆ ಊರೆಲ್ಲಾ ಸಕ್ರೆ ಕಾಯಿಲೆಯೋರೇ ಕಾಣ್ತಾರೆ." ನನಗೆ ಕೇಳಿಸಲಿ ಅಂತಲೇ ಅಂದಳು. ಜನರ ಮಧ್ಯೆ ಜಗಳ ಬೇಡ ಅಂತ ನಾನು ಸುಮ್ಮನಾದೆ. ಆಮೇಲೆ ಅಡುಗೆ ಕೆಲಸಕ್ಕೆ ಹೋಗಿ ಹಾಸ್ಟೆಲ್ಲಿನ ದೊಡ್ಡ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತಿಕ್ಕಿದೆ.

ಹೋದ ವರ್ಷದ ಮಾತು ಎತ್ತಬಾರದು ಅಂತ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದೇವೆ. ನಾನು ಎತ್ತುತ್ತೇನೆ. ತಿಂಗಳು ತುಂಬಿದ ಮಗು ಹೊಟ್ಟೆಯಲ್ಲೇ ಹೋಯಿತು. ಎಷ್ಟು ದಪ್ಪ, ಎಷ್ಟು ಲಕ್ಷಣ ಅಂತ ನೋಡಿದವರೆಲ್ಲ ಹೊಗಳಿದರೇ ಹೊರತು ಅಷ್ಟು ದಪ್ಪ ಯಾಕಾಯಿತು ಅಂತ ಒಬ್ಬರೂ ಕೇಳಲಿಲ್ಲ. ನಿನ್ನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಯಾರೂ ನೋಡಿರಲಿಲ್ಲ. ಈ ಸಲ ಇಲ್ಲಿನ ಡಾಕ್ಟರಮ್ಮ ನೋಡಿದರು. ಬಸುರಿಯರಿಗೆ ಬರುವ ಸಕ್ಕರೆ ಕಾಯಿಲೆ, ಹೆರಿಗೆಯಾದ ಮೇಲೆ ಹೋದರೂ ಹೋಗಬಹುದು, ಆದರೆ ಅಲ್ಲಿಯವರೆಗೆ ಹಿಡಿದಿಡಲೇಬೇಕು, ಊಟದಲ್ಲಿ ಇಳಿಯದಿದ್ದರೆ ಇಂಜೆಕ್ಷನ್ ಅಂದರು. ನೀನೂ ಎದುರಿಗೇ ಕೂತಿದ್ದೆ. ತಲೆ ಆಡಿಸಿದೆ.

ಆದ್ದರಿಂದ ಮತ್ತೆ ಹೇಳುತ್ತೇನೆ. ಮುದ್ದೆ ಒಂದೇ, ಅದೂ ಸಣ್ಣದು. ಸೊಪ್ಪು, ಹುರುಳಿಕಾಳು, ಮೊಟ್ಟೆ, ಮಜ್ಜಿಗೆ ಬೇಕಾದಷ್ಟು ತಿನ್ನು. ಬೆಲ್ಲ ತಂಪು, ಬೆಲ್ಲ ರಕ್ತಕ್ಕೆ ಒಳ್ಳೆಯದು ಅನ್ನುವ ಕಥೆ ಬೇಡ, ಬೆಲ್ಲವೂ ಸಕ್ಕರೆಯೇ. ಉಂಡ ಮೇಲೆ ಹಟ್ಟಿ ಸುತ್ತ ನಾಲ್ಕು ಹೆಜ್ಜೆ ನಡಿ. ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡ.

ನಿಮ್ಮವ್ವನ ಮೇಲೆ ನನಗೆ ದ್ವೇಷವಿಲ್ಲ. ನಿನಗಿಂತ ಮೊದಲು ಮೂರು ಕೂಸುಗಳನ್ನು ಮಣ್ಣು ಮಾಡಿದವಳು. ಹೊಟ್ಟೆಗೆ ಸಾಲದೆ ಅವು ಹೋದವು ಅಂತ ನಂಬಿಕೊಂಡವಳು. ಅದಕ್ಕೇ ನಿನ್ನ ಬಾಯಿಗೆ ತುರುಕುತ್ತಾಳೆ. ಅದು ನನಗೆ ಗೊತ್ತು. ಗೊತ್ತಿದ್ದೂ ಕೋಪ ಬರುತ್ತದೆ, ಏನು ಮಾಡಲಿ.

ಮುತ್ತುರಾಜ್ ಬೋರ್‌ವೆಲ್ ಲಾರಿಯ ಜೊತೆ ಅನಂತಪುರದ ಕಡೆ ಇದ್ದಾನೆ. ಹೆಂಡತಿ ಹೇಗಿದ್ದಾಳೆ ಅಂತ ನನ್ನನ್ನು ಕೇಳುತ್ತಾನೆ. ಏನು ಹೇಳಲಿ, ನೀನೇ ಬರಿ.

ನಿನ್ನ ಅತ್ತೆ,
ಶಾರದಮ್ಮ


ಸಿದ್ದಾಪುರದ ಹಟ್ಟಿ
27-6-2024

ಅತ್ತೆಯವರಿಗೆ ಮಾಲತಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು, ಶೇಂಗಾ ಚಟ್ನಿಪುಡಿಯೂ ಬಂತು. ಚಟ್ನಿಪುಡಿಯನ್ನು ಅವ್ವ ಮೇಲಿನ ಗೂಡಿನಲ್ಲಿಟ್ಟಿದ್ದಾಳೆ, ಬಸುರಿಗೆ ಖಾರ ಆಗುವುದಿಲ್ಲವಂತೆ. ಕಾಗದವನ್ನು ಮಾತ್ರ ಎರಡು ಸಲ ಓದಿಸಿಕೊಂಡಳು. ಬೆಲ್ಲದ ಮಾತು ಬಂದಾಗ ನಾನು ನಿಲ್ಲಿಸಿದೆ. "ಬಿಡಬ್ಯಾಡ, ಓದು, ಆಯಮ್ಮ ಏನು ಬರ್ದವ್ಳೋ ಎಲ್ಲಾ ಓದು" ಅಂದಳು. ಓದಿದೆ. ಆಮೇಲೆ ಎದ್ದು ಹೋಗಿ ಒಲೆಗೆ ಅಷ್ಟೊಂದು ಸೌದೆ ತುರುಕಿದಳು.

ಇಲ್ಲಿ ನನ್ನನ್ನು ನೆಲಕ್ಕೆ ಕಾಲಿಡಲು ಬಿಡುವುದಿಲ್ಲ ಅತ್ತೆ. ಸ್ವಲ್ಪ ನಡೆದು ಬರುತ್ತೇನೆ ಅಂದರೆ "ಯಾವ ಊರಿಗೆ ಹೋಗ್ತೀಯಾ?" ಅಂತ ಕೇಳುತ್ತಾಳೆ. ಪಕ್ಕದ ಮನೆಯ ಪಾಪಕ್ಕ ತಂಬಿಟ್ಟು ತರುತ್ತಾಳೆ. ಅವಳ ಸೊಸೆ ಇನ್ನೊಂದು ದಿನ ಹೋಳಿಗೆ ತರುತ್ತಾಳೆ. ಬೇಡ ಅಂದರೆ "ಯಾಕೆ, ನಮ್ಮನೇದು ನಿನಗೆ ಸೇರಲ್ವಾ?" ಅಂತ ಪಾಪಕ್ಕನ ಮುಖ ಸಣ್ಣದಾಗುತ್ತದೆ. ಬಾಗಿಲಿಗೆ ತಂದದ್ದನ್ನು ಹೇಗೆ ವಾಪಸು ಕಳಿಸಲಿ ಹೇಳಿ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತೇನೆ. ಉಳಿದದ್ದನ್ನು ತಿನ್ನುವವರೆಗೆ ಅವ್ವ ಎದುರಿಗೆ ಕೂತಿರುತ್ತಾಳೆ.

ನಮ್ಮ ಆಶಾ ಕಾರ್ಯಕರ್ತೆ ಶಿವರಂಜನಿ ಬಂದಿದ್ದಳು. ನನಗಿಂತ ಚಿಕ್ಕವಳು, ಆದರೂ ಗಟ್ಟಿ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ಯಾಕೆ ನೋಡುತ್ತಾರೆ ಅಂತ ಅವ್ವನಿಗೆ ಬಿಡಿಸಿ ಬಿಡಿಸಿ ಹೇಳಿದಳು. ಅವ್ವ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣಮ್ಮ, ಅವ್ರೇ ಸಕ್ರೆ ನೀರು ಕುಡ್ಸಿ, ಆಮೇಲೆ ರಕ್ತದಾಗೆ ಸಕ್ರೆ ಐತೆ ಅಂದ್ರೆ ಹೆಂಗೆ? ಉಪ್ಪಿನ ನೀರು ಕುಡ್ಸಿದ್ರೆ ಉಪ್ಪು ಐತೆ ಅಂತಿದ್ರು" ಅಂದಳು. ಹೊರಗೆ ಕೂತಿದ್ದವರೆಲ್ಲ ಹೌದು ಹೌದು ಅಂದರು. ಶಿವರಂಜನಿ ಹಣೆ ಒತ್ತಿಕೊಂಡು ಟೀ ಕುಡಿದು ಹೋದಳು. ನನಗೂ ನಗು ತಡೆಯಲಾಗಲಿಲ್ಲ.

ಪರೀಕ್ಷೆಗೆ ಹೋಗಿದ್ದೆವು. ಮೊದಲ ಸಲ ಬೆರಳು ಚುಚ್ಚಿ ನೋಡುವ ಪಟ್ಟಿ ಮುಗಿದಿದೆ, ಮುಂದಿನ ವಾರ ಬನ್ನಿ ಅಂದರು. ಅಪ್ಪ ಕುರಿ ಬಿಟ್ಟು, ಅವ್ವ ಮನೆ ಬಿಟ್ಟು, ಮೂರು ಜನ ಬಸ್ಸಿನಲ್ಲಿ ಹೋಗಿ ಬರಿದೇ ವಾಪಸು ಬಂದೆವು. ಮುಂದಿನ ವಾರ ಮತ್ತೆ ಹೋದೆವು. ಸಕ್ಕರೆ ಸರಿಯಾಗಿದೆ, ಹೀಗೇ ಇಟ್ಟುಕೊಳ್ಳಿ, ಇಂಜೆಕ್ಷನ್ ಬೇಡ ಅಂದರು! ನೀವು ಸುಮ್ಮನೆ ಹೆದರಿದಿರಿ ಅತ್ತೆ. ಬರುವಾಗ ಅವ್ವ ಬಸ್ಸಿನಲ್ಲಿ ಗೊತ್ತಿಲ್ಲದವರಿಗೆಲ್ಲ ಹೇಳಿಕೊಂಡು ಬಂದಳು.

ಮಗು ಚೆನ್ನಾಗಿ ಒದೆಯುತ್ತದೆ. ಅವರಿಗೂ ಹೇಳಿ.

ನಿಮ್ಮ ಸೊಸೆ,
ಮಾಲತಿ


ಚಳ್ಳಕೆರೆ
3-7-2024

ಮಾಲತಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಸಂತೋಷವಾಯಿತು ಅಂತ ಬರೆಯಬೇಕು. ಆಗಲಿಲ್ಲ.

ತಂಬಿಟ್ಟು ತಿಂದು, ಹೋಳಿಗೆ ತಿಂದು, ಮಂಚದ ಮೇಲೆ ಕೂತೇ ಸಕ್ಕರೆ ಇಳಿಯುವುದಾದರೆ ನಾನು ಇಷ್ಟು ವರ್ಷ ಹೊಟ್ಟೆಗೆ ಸೂಜಿ ಚುಚ್ಚಿಕೊಂಡದ್ದು ಯಾಕೆ? ಕಾಲಿನ ಹೆಬ್ಬೆರಳು ಕಳೆದುಕೊಂಡದ್ದು ಯಾಕೆ? ನಾನೂ ಪಾಪಕ್ಕನ ಮನೆ ಪಕ್ಕ ಒಂದು ಗುಡಿಸಲು ಹಾಕಿಕೊಳ್ಳುತ್ತಿದ್ದೆ.

ನಮ್ಮ ಹಾಸ್ಟೆಲ್ಲಿನ ವಾಚ್‌ಮನ್ ಮುರುಗೇಂದ್ರಪ್ಪನನ್ನು ನೋಡಿದ್ದೀಯಲ್ಲ. ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ದಿನ ಊಟ ಬಿಡುತ್ತಾನೆ. ರಿಪೋರ್ಟು ಚೆನ್ನಾಗಿ ಬರುತ್ತದೆ. ಬರುವಾಗ ದಾರಿಯಲ್ಲೇ ಜಿಲೇಬಿ ಕಟ್ಟಿಸಿಕೊಂಡು, ಡಾಕ್ಟರಿಗೆ ಹೆಂಗೆ ಟೋಪಿ ಹಾಕಿದೆ ನೋಡು ಅಂತ ಮೀಸೆ ತಿರುವುತ್ತಾನೆ. ಈಗ ಕಣ್ಣು ಮಂಜಾಗಿ, ಗೇಟಿಗೆ ಬಂದವರು ಯಾರು ಅಂತ ಅಡುಗೆಮನೆಯಲ್ಲಿರುವ ನನ್ನನ್ನು ಕೂಗಿ ಕೇಳುತ್ತಾನೆ.

ಅದಕ್ಕೇ ಕೇಳುತ್ತಿದ್ದೇನೆ. ಪರೀಕ್ಷೆಯ ಹಿಂದಿನ ದಿನ ಏನು ತಿಂದೆ? ಆಸ್ಪತ್ರೆಯಲ್ಲಿ ಊಟ ಮಾಡಿ ಬಾ ಅಂದಾಗ ಏನು ತಿಂದೆ? ಸುತ್ತಿ ಬಳಸಿ ಹೇಳಬೇಡ. ನೇರ ಹೇಳು.

ಶಾರದಮ್ಮ


ಸಿದ್ದಾಪುರದ ಹಟ್ಟಿ
17-7-2024

ಅತ್ತೆಯವರಿಗೆ ನಮಸ್ಕಾರ.

ನೇರ ಕೇಳಿದ್ದೀರಿ, ನೇರ ಹೇಳುತ್ತೇನೆ. ಏನೂ ತಿನ್ನಲಿಲ್ಲ.

ನಾನು ಬಂದ ವಾರವೇ ಅವ್ವ ನಾಯಕನಹಟ್ಟಿಗೆ ಹೋಗಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತು ಬಂದಳು. ಪ್ರತಿ ಪರೀಕ್ಷೆಯ ಹಿಂದಿನ ದಿನ ಮಗಳು ಒಪ್ಪತ್ತು ಇರುತ್ತಾಳೆ, ಸಕ್ಕರೆ ಇಳಿಸಪ್ಪ ಅಂತ. ಬೆಳಿಗ್ಗೆ ಒಂದು ಹೊತ್ತು ಗಂಜಿ, ಆಮೇಲೆ ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕಬಾರದು. ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ತೆಗೆದು, ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ ಅನ್ನುತ್ತಾರೆ. ಹೋಟೆಲಿಗೆ ಹೋದೆವು. ಇಡ್ಲಿ ಅವ್ವ ತಿಂದಳು, ನಾನು ಅರ್ಧ ಲೋಟ ಮಜ್ಜಿಗೆ ಕುಡಿದೆ. ಹರಕೆ ಮುರಿಯಬಾರದಲ್ಲ. ಮನೆಗೆ ಬಂದ ಮೇಲೆ ದೇವರಿಗೆ ಎಡೆ ಮಾಡಿದ ಹೋಳಿಗೆ. ಅದು ಪ್ರಸಾದ, ಬೇಡ ಅನ್ನುವಂತಿಲ್ಲ. ನಿನ್ನೆಯ ಪರೀಕ್ಷೆಗೂ ಹೀಗೇ ಮಾಡಿದೆವು, ನಿನ್ನೆಯೂ ಸರಿಯಾಗಿ ಬಂತು.

ಮೋಸ ಅಂತ ನಮಗೆ ಅನ್ನಿಸಲೇ ಇಲ್ಲ ಅತ್ತೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದವರು ಆಸ್ಪತ್ರೆಯವರೇ. ಅವ್ವ ಆ ಹಸಿವನ್ನು ದೇವರ ಹೆಸರಿಗೆ ಹಾಕಿದಳು, ಅಷ್ಟೇ. ನಿಮ್ಮ ಮುರುಗೇಂದ್ರಪ್ಪನ ಸಾಲಿಗೆ ನಮ್ಮವ್ವನನ್ನು ನಿಲ್ಲಿಸಬೇಡಿ.

ಇನ್ನೊಂದು ಮಾತು. ಕೋಪ ಬಂದರೂ ಬರಲಿ, ಇವತ್ತು ಹೇಳಿಬಿಡುತ್ತೇನೆ. ಅವ್ವ ಅಳಬಾರದು ಅಂತ ನಾನು ತಿನ್ನಬೇಕು. ನೀವು ಕೂಗಬಾರದು ಅಂತ ನಾನು ತಿನ್ನಬಾರದು. ಹೊಟ್ಟೆ ನನ್ನದು, ತಟ್ಟೆ ಮಾತ್ರ ನಿಮ್ಮಿಬ್ಬರದು. ಹೋದ ವರ್ಷ ಮಣ್ಣು ಮಾಡಿ ಬಂದ ಮೇಲೆ ನನ್ನ ಎದೆಯಲ್ಲಿ ಹಾಲು ತುಂಬಿ ರವಿಕೆ ನೆನೆಯುತ್ತಿತ್ತು. ಅವ್ವ ಬಟ್ಟೆ ಬಿಗಿದು ಕಟ್ಟಿ ಮುಖ ತಿರುಗಿಸಿಕೊಂಡಳು. ನೀವು ಬಂದವರು ಡಾಕ್ಟರನ್ನು ಬೈದು ಹೋದಿರಿ. ನಿನಗೆ ಹೇಗಿದೆ ಮಾಲತಿ ಅಂತ ಇಬ್ಬರೂ ಕೇಳಲಿಲ್ಲ. ಈಗ ಮಗು ಒದೆಯದೆ ಸುಮ್ಮನಿದ್ದರೆ ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತೇನೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ಅವ್ವ ಇನ್ನೊಂದು ಉಂಡೆ ತರುತ್ತಾಳೆ, ನೀವು ಇನ್ನೊಂದು ಕಾಗದ ಬರೆಯುತ್ತೀರಿ.

ಅವ್ವ ಪಕ್ಕದಲ್ಲೇ ಕೂತು, ನಾನು ಹೇಳಿದ್ದು ಹೇಳಿದಂಗೆ ಬರಿ ಅನ್ನುತ್ತಿದ್ದಾಳೆ. ಬರೆಯುತ್ತೇನೆ:

"ಶಾರದಾ, ನನ್ನ ಮಗಳಿಗೆ ಅನ್ನ ಹಾಕಾಕೆ ನಿನ್ನ ಅಪ್ಪಣೆ ಬೇಕಿಲ್ಲ. ಹಸಿದ ಹೊಟ್ಟೆಯಾಗೆ ಕೂಸು ಹೆಂಗೆ ಉಳೀತೈತೆ? ಕಳ್ಕೊಂಡೋಳಿಗೆ ಗೊತ್ತು. ನೀನು ಒಬ್ನೇ ಮಗನ್ನ ಹೆತ್ತೆ, ಉಳಿಸ್ಕೊಂಡೆ. ನಿನಗೇನು ಗೊತ್ತು?"

ಇಷ್ಟೇ ಅಂತೆ.

ಮಾಲತಿ


ಚಳ್ಳಕೆರೆ
20-7-2024

ಮಾಲತಿ,

ಮೊದಲ ಭಾಗವನ್ನು ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳು.

ಅತ್ತಿಗೆ, ತಿಪ್ಪೇಸ್ವಾಮಿಯನ್ನು ಲ್ಯಾಬಿನ ಕೆಲಸಕ್ಕೆ ಹಚ್ಚಬೇಡ. ಅವನಿಗೆ ಬೇರೆ ಕೆಲಸವಿದೆ. ನೀನು ಪರೀಕ್ಷೆಗೆ ತೋರಿಸಿ ಬಂದದ್ದು ಉಪವಾಸವಿದ್ದ ಒಂದು ದಿನದ ಸಕ್ಕರೆ. ಉಳಿದ ಹದಿನಾಲ್ಕು ದಿನದ್ದು ಮಗುವಿನ ಮೈಗೆ ಹೋಗುತ್ತಿದೆ. ಬಸುರಿಯನ್ನು ಒಂದು ದಿನ ಉಪವಾಸ ಕೆಡವಿ ಮಾರನೇ ದಿನ ಹೋಳಿಗೆ ತುರುಕಿದರೆ ಒಳಗಿರುವ ಜೀವ ಏನು ಮಾಡಬೇಕು? ಹಸಿವೂ ಬೇಡ, ತುರುಕುವುದೂ ಬೇಡ ಅಂತಲೇ ಡಾಕ್ಟರು ಹೇಳಿದ್ದು. ನನಗೇನು ಗೊತ್ತು ಅಂತ ಕೇಳಿದ್ದೀಯ. ನಿನ್ನ ಮೂರನೆಯದನ್ನು ಮಡಿಲಲ್ಲಿ ಹಿಡಿದುಕೊಂಡು ಕೂತವಳು ನಾನು ಅತ್ತಿಗೆ. ಅಣ್ಣ ಗುಂಡಿ ತೋಡಿ ಬರುವವರೆಗೂ ಕೂತಿದ್ದೆ. ನನಗೆ ಏನೂ ಗೊತ್ತಿಲ್ಲ ಅನ್ನಬೇಡ.

ಇಲ್ಲಿಂದ ನಿನಗೆ ಮಾತ್ರ.

ಮಾಲತಿ, ನೀನು ಬರೆದದ್ದು ನಿಜ. ಕೇಳಬೇಕಿತ್ತು, ಕೇಳಲಿಲ್ಲ. ಸಂಕಟವಾದಾಗ ನನಗೆ ಬೈಯುವುದೊಂದೇ ಬರುತ್ತದೆ. ಈಗ ಕೇಳುತ್ತೇನೆ, ನಿನಗೆ ಹೇಗಿದೆ ತಾಯಿ? ಮಗು ಒದೆಯದಿದ್ದರೆ ಸುಮ್ಮನೆ ಕೂರಬೇಡ, ಎಡ ಮಗ್ಗುಲಿಗೆ ಮಲಗಿ ನೋಡು. ಆಗಲೂ ಅಲುಗಾಡದಿದ್ದರೆ ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ನಡಿ.

ಮುಂದಿನ ಪರೀಕ್ಷೆಗೆ ಒಪ್ಪತ್ತು ಇರಬೇಡ. ದಿನಾ ಏನು ತಿನ್ನುತ್ತೀಯೋ ಅದನ್ನೇ ತಿಂದು ಹೋಗು. ಇದೊಂದು ಮಾತು ನಡೆಸಿಕೊಡು.

ಶಾರದಮ್ಮ


ಚಳ್ಳಕೆರೆ
9-8-2024

ಮಾಲತಿಗೆ,

ಹೋದ ಕಾಗದಕ್ಕೆ ಉತ್ತರವಿಲ್ಲ. ಬೊಮ್ಮಲಿಂಗಪ್ಪನ ಬಸ್ಸು ಬಂದಾಗಲೆಲ್ಲ ಹಾಸ್ಟೆಲ್ ಗೇಟಿನಲ್ಲಿ ನಿಂತಿರುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ. ಅಣ್ಣನ ಫೋನು ಸ್ವಿಚ್ ಆಫ್. ಮುತ್ತುರಾಜ್‌ಗೆ ಹೇಳಿದರೆ, "ಅವ್ವ, ಇಲ್ಲಿ ಪಾಯಿಂಟ್ ಹೊಡೀತಾ ಇದೀವಿ, ಬಿಟ್ಟು ಹೆಂಗೆ ಬರ್ಲಿ?" ಅಂದ. ಸಾವಿರ ಅಡಿ ಭೂಮಿ ಕೊರೆದು ನೀರು ಹುಡುಕುತ್ತಾನೆ, ಹೆಂಡತಿಯ ಸುದ್ದಿ ಹುಡುಕಲು ಪುರುಸೊತ್ತಿಲ್ಲ.

ನಾನೇ ಬರೋಣವೆಂದರೆ ಕಾಲಿನ ಗಾಯ ಮತ್ತೆ ಬಾಯಿ ಬಿಟ್ಟಿದೆ. ನೆಲಕ್ಕೆ ಊರಬಾರದು ಅಂದಿದ್ದಾರೆ. ಸ್ಟೂಲಿನ ಮೇಲೆ ಕೂತು ಹುಡುಗಿಯರಿಗೆ ಚಪಾತಿ ಲಟ್ಟಿಸುತ್ತೇನೆ. ಇಷ್ಟು ಹತ್ತಿರವಿದ್ದೂ ಬರಲಾಗದು ಅಂದರೆ ಮೈ ಉರಿಯುತ್ತದೆ.

ಬೈದಿದ್ದಕ್ಕೆ ಬೇಜಾರಾಗಿದ್ದರೆ ಬೇಜಾರಾಗಿದೆ ಅಂತಲೇ ಒಂದು ಸಾಲು ಬರಿ. ಏನಾದರೂ ಬರಿ.

ಶಾರದಮ್ಮ


ಚಿತ್ರದುರ್ಗ, ಆಸ್ಪತ್ರೆಯಿಂದ
27-8-2024

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಮೊಮ್ಮಗಳು ಬದುಕಿದ್ದಾಳೆ. ಮೊದಲು ಇದನ್ನು ಓದಿಕೊಳ್ಳಿ, ಉಳಿದದ್ದು ಆಮೇಲೆ. ಅವರು ನಿಮಗೆ ಫೋನಿನಲ್ಲಿ ಹೇಳಿದ್ದಾರಂತೆ, ನೀವು ಅತ್ತಿರಂತೆ. ಪೂರ್ತಿ ಅವರಿಗೂ ಗೊತ್ತಿಲ್ಲ, ಅದಕ್ಕೇ ಮಲಗಿಕೊಂಡೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ. ಓದಿ ಹೇಳಿದ ಮೇಲೆ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಅಡುಗೆ ಮಾತ್ರ ಬಿಡಲಿಲ್ಲ. ಮಾತಾಡದೆ ತಂದು ಮುಂದಿಟ್ಟು ಹೋಗುತ್ತಿದ್ದಳು, ನಾನೂ ಮಾತಾಡದೆ ತಿನ್ನುತ್ತಿದ್ದೆ.

ಪಟ್ಟಿ ಮತ್ತೆ ಮುಗಿದು ಈ ಸಲ ಪರೀಕ್ಷೆ ಆಗಸ್ಟ್ ನಡುವಿಗೆ ಹೋಯಿತು. ಅದರ ಹಿಂದಿನ ದಿನ ನಾನು ಒಪ್ಪತ್ತು ಇರುವುದಿಲ್ಲ ಅಂದೆ. ಅವ್ವ ಒಲೆ ಮುಂದೆ ಕೂತು ಅಳಲು ಶುರು ಮಾಡಿದಳು. "ದೇವರಿಗೆ ಮಾತು ಕೊಟ್ಟೀನಿ ಕಣೇ, ತಪ್ಪಿದ್ರೆ ಏನಾಗ್ತೈತೋ" ಅಂದಳು. ನನಗೂ ಭಯವಿತ್ತು. ಆದರೂ ಮಧ್ಯಾಹ್ನ ಮುದ್ದೆ ಉಂಡೆ, ಸಂಜೆಯೂ ಉಂಡೆ. ಅಪ್ಪ ಕುರಿ ರೊಪ್ಪದಿಂದ ಬಂದವನು ಎಲ್ಲಾ ನೋಡಿದ. "ಅವ್ಳ ಹೊಟ್ಟೆ, ಅವ್ಳಿಗೆ ಗೊತ್ತು. ಸುಮ್ನಿರು" ಅಂತ ಅವ್ವನಿಗೆ ಅಂದ. ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ನರ್ಸಮ್ಮ ಇನ್ನೊಮ್ಮೆ ಚುಚ್ಚಿದರು. ಯಂತ್ರ ಕೆಟ್ಟಿರಬೇಕು ಅಂದುಕೊಂಡರಂತೆ. ಕೆಟ್ಟಿರಲಿಲ್ಲ, ಸಕ್ಕರೆ ಅಷ್ಟು ಏರಿತ್ತು. ಡಾಕ್ಟರು ಹಳೆಯ ಚೀಟಿ ನೋಡಿ ಹೊಸದು ನೋಡಿ, "ಹೋದ ಸಲ ಹೆಂಗಮ್ಮ ಸರಿ ಇತ್ತು?" ಅಂತ ಕೇಳಿದರು. ಹೇಳಿದೆ. ಅವರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ, ನೀವೇ ಬೈದ ಹಾಗಿತ್ತು. ಮನೆಗೂ ಕಳಿಸಲಿಲ್ಲ. ಅವತ್ತೇ ಆಂಬುಲೆನ್ಸಿನಲ್ಲಿ ದುರ್ಗಕ್ಕೆ ಕಳಿಸಿದರು. ಇಲ್ಲಿ ದಿನಾ ಇಂಜೆಕ್ಷನ್. ನಾನು ಹೆದರಿದ್ದಷ್ಟು ನೋವಿಲ್ಲ ಅತ್ತೆ, ಇರುವೆ ಕಚ್ಚಿದಷ್ಟು. ಇದಕ್ಕಾ ನಾನು ಎರಡು ತಿಂಗಳು ಹೆದರಿ ಸತ್ತೆ ಅನ್ನಿಸಿ ನನ್ನ ಮೇಲೆಯೇ ಸಿಟ್ಟು ಬಂತು.

ಇನ್ನು ಒಳಗೆ ಬಿಡುವುದು ಸರಿಯಲ್ಲ ಅಂತ ಆಪರೇಷನ್ ಮಾಡಿ ತೆಗೆದರು. ಕೂಗು ಕೇಳಿಸಿತು. ಹೋದ ವರ್ಷ ನಾನು ಕಾದು ಕಾದು ಕೇಳದ ಕೂಗು. ಎಷ್ಟು ದಪ್ಪ ಇದೆ ಅಂತ ಯಾರೋ ಅಂದರು, ಹೋದ ವರ್ಷವೂ ಇದೇ ಮಾತು ಅಂದಿದ್ದರು. ಸ್ವಲ್ಪ ಹೊತ್ತಿಗೆ ಕೂಸಿನ ಕೈಕಾಲು ಅದುರಲು ಶುರುವಾಯಿತು. ಸಕ್ಕರೆ ತೀರಾ ಇಳಿದಿದೆ ಅಂತ ಎತ್ತಿಕೊಂಡು ಓಡಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಣ್ಣ ನಳಿಕೆಯಲ್ಲಿ ಗ್ಲೂಕೋಸ್ ಏರಿಸಿದರು.

ಅವ್ವ ಅಲ್ಲೇ ನಿಂತು ಕೂಗಾಡಿದಳು. "ತಾಯಿಗೆ ಒಂದು ಚಮಚ ಬ್ಯಾಡ ಅಂದ್ರಿ, ಈಗ ಕೂಸಿಗೆ ಸಕ್ರೆ ನೀರು ಏರುಸ್ತೀರಾ? ನಾನು ಮೊದ್ಲೇ ಹೇಳ್ಲಿಲ್ವಾ, ಕೂಸಿಗೆ ಸಕ್ರೆ ಬೇಕು ಅಂತ!" ನರ್ಸಮ್ಮ ಪಾಪ ತಾಳ್ಮೆಯಿಂದ ಹೇಳಿದರು. ಒಳಗಿದ್ದಾಗ ತಾಯಿಯಿಂದ ಸಕ್ಕರೆ ಹೆಚ್ಚು ಹೆಚ್ಚು ಬರುತ್ತಿತ್ತು, ಅದನ್ನು ಕರಗಿಸಿ ಕರಗಿಸಿ ಕೂಸಿನ ಮೈಗೆ ಅದೇ ರೂಢಿಯಾಗಿದೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಬರುವುದು ನಿಂತಿತು, ಮೈ ಮಾತ್ರ ಕರಗಿಸುತ್ತಲೇ ಇದೆ, ಅದಕ್ಕೇ ಹೀಗೆ ಅಂತ. ನನಗೆ ಅರ್ಥವಾಯಿತು. ಅವ್ವ ಕೊನೆಗೂ ಒಪ್ಪಲಿಲ್ಲ. ನಾನು ಮಲಗಿದ್ದಲ್ಲಿಂದಲೇ, ಸಾಕು ಬಿಡವ್ವ, ಬಾಯಿ ಮುಚ್ಚು ಅಂದೆ. ನಮ್ಮವ್ವನಿಗೆ ಆ ಮಾತು ಅಂದದ್ದು ಇದೇ ಮೊದಲು. ಅಂದ ಮೇಲೆ ಹೊಲಿಗೆ ಹಾಕಿದ ಜಾಗವೆಲ್ಲ ನೋಯುವಷ್ಟು ಅತ್ತುಬಿಟ್ಟೆ.

ಈಗ ಕೂಸು ನನ್ನ ಪಕ್ಕದಲ್ಲಿದೆ. ಎದೆ ಹಾಲು ಎಳೆದು ಎಳೆದು ಕುಡಿಯುತ್ತಿದೆ. ಅವರು ಬಂದು ಬಾಗಿಲಲ್ಲೇ ನಿಂತು ಎತ್ತಿಕೊಳ್ಳಲು ಹೆದರಿದರು. ನಿಮ್ಮ ಕಾಲು ವಾಸಿ ಮಾಡಿಕೊಳ್ಳಿ. ನನಗೆ ಬೇಜಾರಾಗಿಲ್ಲ.

ನಿಮ್ಮ ಸೊಸೆ,
ಮಾಲತಿ


ಸಿದ್ದಾಪುರದ ಹಟ್ಟಿ
8-10-2024

ಅತ್ತೆಯವರಿಗೆ,

ಇದು ಅವ್ವನ ಕಾಗದ. ಕೈ ಮಾತ್ರ ನನ್ನದು. ಒಂದು ಅಕ್ಷರ ಬಿಡಬಾರದು ಅಂದಿದ್ದಾಳೆ.

ಶಾರದಾ, ನಾನು ಕ್ಯಾತಮ್ಮ. ಕೂಸು ಚೆನ್ನಾಗೈತೆ. ಕೂಗಿದ್ರೆ ಬೆಟ್ಟಕ್ಕೆ ಕೇಳ್ಸಂಗೆ ಕೂಗ್ತೈತೆ, ನಿನ್ನ ಮೊಮ್ಮಗಳೇ ಸರಿ.

ಮೊನ್ನೆ ಶಿವರಂಜನಿ ಬಂದು, ಹೆರಿಗೆ ಆಗಿ ಆರು ವಾರ ದಾಟ್ತು, ಮಾಲತಿಗೆ ಸಕ್ರೆ ಇನ್ನೂ ಐತಾ ಇಲ್ವಾ ನೋಡ್ಬೇಕು ಅಂದ್ಲು. ಕೂಸು ಹುಟ್ಟಿತಲ್ಲ, ಇನ್ನೇನು ನೋಡೋದು ಅಂತ ನಾನು ರೇಗಿದೆ. ಆದ್ರೂ ಕೂಸು ಎತ್ಕೊಳ್ಳಾಕೆ ಜೊತೆಗೆ ಹೋದೆ. ಮಾಲತಿಗೆ ಇಲ್ಲ ಅಂದ್ರು. ವರ್ಸ ವರ್ಸ ನೋಡಿಸ್ಕೋತಾ ಇರ್ಬೇಕಂತೆ, ಮುಂದೆ ಬಸುರಾದ್ರೆ ಮೊದ್ಲೇ ಹೇಳ್ಬೇಕಂತೆ. ಅಲ್ಲಿ ಬೆರಳು ಚುಚ್ಚೋ ಆಯಮ್ಮ ರಾಯದುರ್ಗದ ಕಡೆಯೋಳು, ನನ್ನ ನೋಡಿ "ಅಮ್ಮಾ, ನುವ್ವು ಕೂಡಾ ರಾ", ನೀನೂ ಬಾ ಅಂತ ತೆಲುಗಿನಾಗೆ ಅಂದ್ಲು. ವಯಸ್ಸಾದೋರಿಗೆಲ್ಲ ನೋಡ್ತಾರಂತೆ. ನನಗೇನಾಗೈತೆ, ನೋಡ್ಕೋ ಹೋಗು ಅಂತ ಬೆರಳು ಕೊಟ್ಟೆ.

ನನಗೆ ಐತೆ ಶಾರದಾ. ನಿನಗಿಂತ ಜಾಸ್ತಿ ಐತೆ. ಇದು ನಿನ್ನೆ ಮೊನ್ನೆದಲ್ಲ, ಬಾಳ ವರ್ಸದ್ದು ಅಂದ್ರು.

ಡಾಕ್ಟ್ರು ಕೂರಿಸ್ಕೊಂಡು ಎಷ್ಟು ಹೆರಿಗೆ ಅಂತ ಕೇಳಿದ್ರು. ನಾಕು ಅಂದೆ. ಎಷ್ಟು ಮಕ್ಕಳು ಅಂದ್ರು. ಒಂದು ಅಂದೆ. ಉಳಿದವು ಎಷ್ಟು ದಪ್ಪ ಇದ್ವು ಅಂತ ಕೇಳಿದ್ರು. ಯಾರೂ ನನ್ನ ಇದುವರ್ಗೂ ಆ ಮಾತು ಕೇಳಿರ್ಲಿಲ್ಲ. ಕೈಯಾಗೆ ಇಷ್ಟು ಅಂತ ತೋರ್ಸಿದೆ. ಆಯಪ್ಪ ಅದನ್ನ ಚೀಟಿಯಾಗೆ ಬರ್ಕೊಂಡ್ರು. ಅವೂ ಇದರಾಗೇ ಹೋದ್ವಾ ಸ್ವಾಮಿ ಅಂತ ನಾನೇ ಕೇಳಿದೆ. ಆಗಿದ್ರೂ ಆಗಿರ್ಬೋದು ತಾಯಿ, ಆಗ ಯಾರೂ ನೋಡಿಲ್ಲ, ಈಗ ಹೇಳಾಕಾಗಲ್ಲ ಅಂದ್ರು.

ಬಸ್ಸಿನಾಗೆ ಬರ್ತಾ ಅದನ್ನೇ ನೆನೆಸ್ಕೊಂಡೆ. ಆ ಮೂರು ಬಸುರಿನಾಗೂ ನಮ್ಮತ್ತೆ, ನಿಮ್ಮವ್ವ, ನನ್ನ ನೆಲಕ್ಕೆ ಇಳಿಯಾಕೆ ಬಿಟ್ಟೋಳಲ್ಲ. ಎರಡು ಜೀವ ಎರಡು ಜೀವ ಅಂತ ಬೆಲ್ಲ, ತುಪ್ಪ, ಕೊಬ್ಬರಿ ತಂದು ತಂದು ಇಕ್ಕಿದ್ಲು. ಸ್ವಂತ ಮಗಳಿಗೂ ಹಂಗೆ ಮಾಡ್ಲಿಲ್ಲ ಅಂತ ನೀನೇ ಹೊಟ್ಟೆಕಿಚ್ಚು ಪಡ್ತಿದ್ದೆ. ಅಷ್ಟು ತಿಂದ್ರೂ ಕೂಸು ಉಳೀಲಿಲ್ಲ ಅಂದ್ಮೇಲೆ ಇನ್ನೂ ತಿನ್ಬೇಕಿತ್ತು ಅಂತ ನಾನು ಅಂದ್ಕೊಂಡೆ. ನಾಕನೇದು ಮಾಲತಿ. ಆವಾಗ ನಿಮ್ಮವ್ವ ತೀರ್ಕೊಂಡಿದ್ಲು, ಮನೆಯಾಗೆ ಇಕ್ಕೋರಿರ್ಲಿಲ್ಲ. ನಿಮ್ಮಣ್ಣನ ಜೊತೆ ಕುರಿ ಹಿಂದೆ ಹೋದೆ. ಹಗಲೆಲ್ಲಾ ನಡೆಯೋದು, ಮಂದೆ ನಿಂತ ಕಡೆ ಒಂದು ಮುದ್ದೆ, ಹೊಲದಾಗೆ ಸಿಕ್ಕಿದ ಸೊಪ್ಪು. ಆ ಕೂಸು ಅತ್ತಿತು ಶಾರದಾ. ಅಷ್ಟು ಸಂಕಟದಾಗೂ ಉಳೀತಲ್ಲ, ದೇವ್ರು ದೊಡ್ಡೋನು ಅಂತ ಹಟ್ಟಿಯೋರೆಲ್ಲ ಅಂದ್ರು. ನಾನೂ ಹಂಗೇ ಅಂದ್ಕೊಂಡೆ. ನನ್ನ ಮಗಳಿಗೆ ಆ ಪಾಡು ಬರಬಾರ್ದು ಅಂತ ಕೂರಿಸಿ ತಿನ್ನಿಸಿದೆ. ಹೋದ ವರ್ಸದ ಗಂಡು ಕೂಸಿಗೂ ನಾನೇ ತಿನ್ನಿಸಿದ್ದು.

ಒಂದೇ ಒಂದು ಸಲ ಯಾರಾರ ನನ್ನ ಬೆರಳು ಚುಚ್ಚಿದ್ರೆ ಏನು ಗಂಟು ಹೋಗ್ತಿತ್ತು? ಮೂರು ಕೂಸು ಶಾರದಾ. ಒಂದಕ್ಕೂ ಹೆಸ್ರು ಇಡ್ಲಿಲ್ಲ.

ನನಗೆ ಸಿಟ್ಟು ಬಂದೈತೆ. ಎಲ್ಲಿ ಇಳಿಸ್ಬೇಕು ಗೊತ್ತಾಗ್ತಿಲ್ಲ. ನಿಮ್ಮವ್ವನ ಮೇಲೆ ಅಂದ್ರೆ ಆಯಮ್ಮ ಪ್ರೀತಿಯಿಂದ ಇಕ್ಕಿದ್ಲು, ಸತ್ತೂ ಹೋದ್ಲು. ಡಾಕ್ಟ್ರ ಮೇಲೆ ಅಂದ್ರೆ ಆಗ ಈ ಕಡೆ ಡಾಕ್ಟ್ರ ಮುಖ ಕಂಡೋರು ಯಾರು? ನಿಮ್ಮಣ್ಣನ್ನ ಬೈದೆ, ಆಯಪ್ಪ ತಲೆ ಬಗ್ಗಿಸ್ಕೊಂಡು ಕುರಿ ಹೊಡ್ಕೊಂಡು ಹೋದ.

ನೀನು ಬೈಯೋದ್ರಾಗೆ ಗಟ್ಟಿಗಿತ್ತಿ. ನಾನು ಯಾರ್ನ ಬೈಬೇಕು, ಬರಿ.

ಕ್ಯಾತಮ್ಮ